ದುಬೈಯಲ್ಲಿ ಕಂಪನಿ ಮಾಡಿದ್ದು: ಅಲ್ಲಿಗಿಂತ ಜಾಸ್ತಿ ಕೆಲ್ಸ ಉಡುಪಿಯಲ್ಲೇ ಇತ್ತು

ನಮ್ದು ಉಡುಪಿ ಹತ್ರ ಹಲಸಿನ ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ಪ್ಯಾಕ್ ಮಾಡುವ ಸಣ್ಣ ಯೂನಿಟ್. ದುಬೈಗೆ ಮಾಲು ಬೇರೆಯವ್ರ ಕೈಯಿಂದ ಹೋಗ್ತಿತ್ತು, ಲಾಭದಲ್ಲಿ ಅರ್ಧ ಅವ್ರಿಗೇ ಹೋಗುದು. ಅಲ್ಲೇ ಇರುವ ಅಕ್ಕನ ಗಂಡ, ನಮ್ಮ ಭಾವ, "ನಾವೇ ಒಂದು ಕಂಪನಿ ಮಾಡುವ ಮಾರಾಯ, ಈಗ ಅರಬಿ ಪಾರ್ಟ್ನರ್ ಬೇಡ" ಅಂದ್ರು. ಮೊದ್ಲೆಲ್ಲ ಮೇನ್‌ಲ್ಯಾಂಡಲ್ಲಿ, ಅಂದ್ರೆ ವಿಶೇಷ ವಲಯ ಬಿಟ್ಟು ಮಾಮೂಲಿ ಮಾರ್ಕೆಟ್ಟಲ್ಲಿ, 51 ಪರ್ಸೆಂಟ್ ಅಲ್ಲಿಯವ್ರ ಹೆಸ್ರಲ್ಲಿ ಇರ್ಬೇಕಿತ್ತು, 2021 ಜೂನ್‌ನಿಂದ ಹೆಚ್ಚಿನ ವ್ಯಾಪಾರಕ್ಕೆ ಪೂರ್ತಿ ನಮ್ದೇ ಇಡ್ಬಹುದು.

ಏಜೆಂಟ್‌ಗಳೆಲ್ಲ ಫ್ರೀ ಝೋನ್ (ಬೇರೆ ರೂಲ್ಸ್ ಇರುವ ಆ ವಿಶೇಷ ವಲಯ) ಮಾಡಿ, ಚೀಪ್ ಅಂತಾರೆ. ನಮ್ಗೆ ಅದು ಆಗ್ತಿರ್ಲಿಲ್ಲ. ದುಬೈಯ ಕರಾಮ ಏರಿಯಾದ ಅಂಗಡಿಗೆ ನೇರ ಮಾಲು ಹಾಕ್ಲಿಕ್ಕೆ ಆಗ ಫ್ರೀ ಝೋನ್ ಲೈಸೆನ್ಸ್ ಸಾಲ್ತಿರ್ಲಿಲ್ಲ, ಮಧ್ಯೆ ಮತ್ತೊಬ್ಬ ಡಿಸ್ಟ್ರಿಬ್ಯೂಟರ್ ಬೇಕಾಗ್ತಿತ್ತು, ಅವ್ನನ್ನು ಬಿಡ್ಲಿಕ್ಕೇ ಅಲ್ವ ನಾವು ಹೊರಟದ್ದು. ಹಾಗಾಗಿ ಮೇನ್‌ಲ್ಯಾಂಡ್ ಎಲ್‌ಎಲ್‌ಸಿ, ಅಂದ್ರೆ ಲಿಮಿಟೆಡ್ ಕಂಪನಿ. ಅಪ್ಪನ ಅಂಗಡಿಯಲ್ಲಿದ್ದ ದೇವ್ರ ಹೆಸ್ರನ್ನೇ ಇಡ್ಬೇಕಂತ ನಂಗೆ ತುಂಬಾ ಆಸೆ ಇತ್ತು, ಆದ್ರೆ ಟ್ರೇಡ್ ನೇಮಲ್ಲಿ ದೇವ್ರ ಹೆಸ್ರು ಹಾಕುವ ಹಾಗಿಲ್ಲ. ಬೇಜಾರಾಯ್ತು, ಬೇರೆ ಹೆಸ್ರು ಕೊಟ್ಟೆವು, ಇನಿಷಿಯಲ್ ಅಪ್ರೂವಲ್ ಬೇಗ ಬಂತು.

ಎಂಒಎ, ಅಂದ್ರೆ ಕಂಪನಿಯಲ್ಲಿ ಯಾರ ಪಾಲು ಎಷ್ಟು ಅಂತ ಬರೆಯುವ ಕರಾರು, ಸೈನ್ ಮಾಡ್ಲಿಕ್ಕೆ ಮಂಗಳೂರಿಂದ ಟಿಕೆಟ್ ಮಾಡಿ ಆಗಿತ್ತು. "ನಿನ್ನ ಪಾಲಿನ ದುಡ್ಡು ಈಗ ನಾನು ಹಾಕ್ತೇನೆ, ತಲೆಬಿಸಿ ಮಾಡ್ಬೇಡ, ಮತ್ತೆ ಕಳಿಸು" ಅಂತ ಭಾವ. ಇಲ್ಲಿ ಬ್ಯಾಂಕಲ್ಲಿ ಒಬ್ರು "ಫ್ಯಾಮಿಲಿ ಮೇಂಟೆನೆನ್ಸ್ ಅಂತ ಹಾಕಿ ಕಳಿಸಿ ಸರ್, ಈಸಿ" ಅಂದ್ರು. ನಮ್ಮ ಸಿಎ ಹತ್ರ ಸುಮ್ನೆ ಹೇಳಿದೆ, ಅವ್ರು ಅಲ್ಲೇ ನಿಲ್ಸಿದ್ರು. ಅದು ವಿದೇಶದಲ್ಲಿ ಬಂಡವಾಳ ಹೂಡುದು, ಫೆಮಾ ಅಂತ ವಿದೇಶಿ ಹಣದ ಕಾನೂನು ಉಂಟಲ್ಲ, ಅದರ ಅಡಿಯಲ್ಲಿ ಬರ್ತದೆ, 2022 ಆಗಸ್ಟ್‌ನಲ್ಲಿ ಹೊಸ ರೂಲ್ಸ್ ಬಂದಿದೆ. ದುಡ್ಡು ಹೋಗುವ ಮೊದ್ಲು ಅಥವಾ ಶೇರು ನಮ್ದಾಗುವ ಮೊದ್ಲು, ಯಾವುದು ಮುಂಚೆಯೋ ಅದಕ್ಕಿಂತ ಮೊದ್ಲೇ ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಅಂತ ಅರ್ಜಿ ಹಾಕಿ ರಿಸರ್ವ್ ಬ್ಯಾಂಕಿಂದ ಆ ಹೂಡಿಕೆಗೆ ಯುಐಎನ್ ಅಂತ ಗುರುತಿನ ನಂಬರ್ ತಗೊಳ್ಬೇಕು. ಅಂದ್ರೆ ಭಾವ ದುಡ್ಡು ಹಾಕಿದ್ರೂ ನಾನು ಸೈನ್ ಮಾಡಿದ್ರೆ ತಪ್ಪು ನಂದೇ ಆಗ್ತಿತ್ತು. ಟಿಕೆಟ್ ದುಡ್ಡು ಹೋಯ್ತು, ಹೋಗ್ಲಿ. ಆ ಫಾರ್ಮ್ ಗೊತ್ತಿರುವ ಜನ ಸಣ್ಣ ಬ್ರಾಂಚಲ್ಲಿ ಇರುದಿಲ್ಲ, ಫಾರೆಕ್ಸ್ ನೋಡುವ ದೊಡ್ಡ ಬ್ರಾಂಚಿಗೇ ಹೋಗಿ ಕೂತ್ಕೊಂಡೆ, ಎರಡು ಸಲ ವಾಪಸ್ ಬಂತು, ಮೂರನೇದಕ್ಕೆ ಆಯ್ತು. ಹೊರಗೆ ಕಳಿಸ್ಲಿಕ್ಕೆ ವರ್ಷಕ್ಕೆ ಒಬ್ರಿಗೆ ಎರಡೂವರೆ ಲಕ್ಷ ಡಾಲರ್ ಮಿತಿ, 10 ಲಕ್ಷ ರೂಪಾಯಿ ದಾಟಿದ್ರೆ ದಾಟಿದ್ದಕ್ಕೆ 20 ಪರ್ಸೆಂಟ್ ಟಿಸಿಎಸ್ ಅಂತ ಮುಂಗಡ ಟ್ಯಾಕ್ಸ್ ಹಿಡೀತಾರೆ, ನಂದು ಅದರೊಳಗೇ ಇತ್ತು.

ಪವರ್ ಆಫ್ ಅಟಾರ್ನಿ ಕಳಿಸ್ಬಹುದಿತ್ತು. ಆದ್ರೆ ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಯುಎಇ ಎಂಬೆಸಿ, ಮತ್ತೆ ಅಲ್ಲಿ ಹೋಗಿ ಅರಬಿ ಅನುವಾದ, ಇಷ್ಟೆಲ್ಲ ಸೀಲು ಆಗ್ಬೇಕು. ನಾನೇ ಹೋದದ್ದು ಒಳ್ಳೇದಾಯ್ತು. ಆಫೀಸಿನ ಬಾಡಿಗೆ ಕರಾರು ಎಜಾರಿ ಅಂತ ಅಲ್ಲಿಯ ಸರ್ಕಾರಿ ಬಾಡಿಗೆ ದಾಖಲೆಯಲ್ಲಿ ರಿಜಿಸ್ಟರ್ ಆಯ್ತು, ಲೈಸೆನ್ಸ್ ಕೈಗೆ ಬಂತು. ತಿಂಡಿ ಸಾಮಾನು ಮಾರುವವ್ರು ಪ್ಯಾಕೆಟ್ ಮೇಲೆ ಅರಬಿ ಲೇಬಲ್‌ನ್ನು ಮೊದ್ಲೇ ಮಾಡ್ಸಿಡಿ, ನಾವು ಹಳೆ ಕವರ್ ಪೂರಾ ಬಿಸಾಡಿದ್ದೇವೆ.

ಟ್ಯಾಕ್ಸ್ ಇಲ್ಲ ಅಂತ ಊರಲ್ಲಿ ಈಗ್ಲೂ ಹೇಳ್ತಾರೆ, ದಯವಿಟ್ಟು ನಂಬ್ಬೇಡಿ. ಲಾಭ 3,75,000 ದಿರ್ಹಾಂ ದಾಟಿದ ಮೇಲಿಂದಕ್ಕೆ 9 ಪರ್ಸೆಂಟ್ ಉಂಟು, ಲಾಭ ಇಲ್ಲದಿದ್ರೂ ರಿಜಿಸ್ಟರ್ ಮಾಡ್ಲೇಬೇಕು, ಲೇಟಾದ್ರೆ 10,000 ದಿರ್ಹಾಂ ದಂಡ. ಇಲ್ಲಿ ಐಟಿ ರಿಟರ್ನಲ್ಲಿ ಶೆಡ್ಯೂಲ್ ಎಫ್‌ಎ, ಅಂದ್ರೆ ವಿದೇಶದ ಆಸ್ತಿಯ ಪಟ್ಟಿ, ತುಂಬ್ಬೇಕು, ಡಿಸೆಂಬರ್ 31ರೊಳಗೆ ಬ್ಯಾಂಕಿಗೆ ಎಪಿಆರ್, ಅಂದ್ರೆ ಅಲ್ಲಿಯ ಕಂಪನಿಯ ವರ್ಷದ ವರದಿ, ಕೊಡ್ಬೇಕು, ಶೇರು ಸರ್ಟಿಫಿಕೇಟ್ ದುಡ್ಡು ಕಳಿಸಿದ ಆರು ತಿಂಗಳೊಳಗೆ.

ಕೊನೆಗೆ ಎಳೆದದ್ದು ಅಲ್ಲಿಯ ಬ್ಯಾಂಕ್ ಅಕೌಂಟ್. ಲೈಸೆನ್ಸ್ ಬಂದ್ಮೇಲೂ ಒಂದೂವರೆ ತಿಂಗಳು, ಮಾಲು ಯಾರಿಗೆ, ದುಡ್ಡು ಎಲ್ಲಿಂದ ಅಂತ ಕೇಳಿದ್ದನ್ನೇ ಕೇಳಿದ್ರು. ಆಗ ಆ ಯುಐಎನ್ ಕಾಗದ ಮುಂದಿಟ್ಟೆ, ಮರುವಾರ ಅಕೌಂಟ್ ಆಯ್ತು.