ಡೈಲೇಟರ್‌ಗೆ ಮೊದಲು ಕುತ್ತಿಗೆ ನೋಡುವುದು: ನನ್ನ ಅನುಭವ

ಸೆಂಟ್ರಲ್ ಲೈನ್ ಎಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಇಳಿಸುವ ಕ್ಯಾತಿಟರ್, ಅಂದರೆ ತೆಳು ಕೊಳವೆ. ಸೂಜಿಯೊಳಗಿಂದ ವೈರ್ ಬಿಟ್ಟು, ಡೈಲೇಟರ್‌ನಿಂದ ದಾರಿ ಅಗಲಿಸಿ, ಆ ವೈರ್ ಮೇಲೆಯೇ ಕ್ಯಾತಿಟರ್ ಸಾಗಿಸುತ್ತೇವೆ. ಬಲಗಡೆ ಸಬ್‌ಕ್ಲೇವಿಯನ್‌ಗೆ (ಕೊರಳೆಲುಬಿನ ಕೆಳಗಿನ ರಕ್ತನಾಳ) ಹಾಕಿದ ವೈರ್ ಹೃದಯದತ್ತ ಇಳಿಯದೆ ಕುತ್ತಿಗೆಯ ಜುಗುಲರ್ ರಕ್ತನಾಳಕ್ಕೆ ಏರಿಬಿಡುವ ಕಾಟ ನನಗೆ ವರ್ಷಗಟ್ಟಲೆ ಇತ್ತು. ಕೈಗೆ ಏನೂ ಗೊತ್ತಾಗುವುದಿಲ್ಲ. ರಕ್ತ ಸಲೀಸಾಗಿ ಬರುತ್ತದೆ, ವೈರ್ ತಡೆಯಿಲ್ಲದೆ ಸಾಗುತ್ತದೆ, ಕ್ಯಾತಿಟರ್‌ನ ಮೂರು ಲೂಮೆನ್‌ಗಳೂ (ಒಳದಾರಿಗಳೂ) ಫ್ಲಶ್ ಆಗುತ್ತವೆ. ಎಕ್ಸ್‌ರೇ ನೋಡಿದರೆ ತುದಿ ದವಡೆಯ ಕಡೆಗೆ!

ಆಮೇಲೆ ಹೊಸ ಕಿಟ್ ಬೇಕು. ಅದಕ್ಕೆ ಸುಮಾರು 2,000 ರೂಪಾಯಿ, ಇನ್ನೊಂದು ಎಕ್ಸ್‌ರೇಗೆ 300ರಿಂದ 400. ಎರಡನೇ ಕಿಟ್ ತರಲು ಹೊರಟ ರೋಗಿಯೊಬ್ಬರ ಮಗ, ‘ಮೊದಲನೆಯದಕ್ಕೆ ಏನಾಯಿತು ಸರ್?’ ಎಂದು ಕೇಳಿದ. ಅವನ ಕೈಯಲ್ಲಿದ್ದದ್ದು ಮಡಚಿದ ನೂರರ ನೋಟುಗಳು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ರೋಗಿಯ ತಲೆಯನ್ನು ಸೂಜಿಯ ಕಡೆಗೇ ತಿರುಗಿಸಿ ನೋಡಿದೆ. ವೈರ್‌ನ ಬಾಗಿದ ಜೆ-ತುದಿಯನ್ನು ಕಾಲಿನ ಕಡೆಗೆ ಮಾಡಿ ಬಿಟ್ಟೆ. ಎರಡರಿಂದಲೂ ಉಪಯೋಗವಾಯಿತು, ಆದರೆ ಭರವಸೆ ಬರಲಿಲ್ಲ. ಒಮ್ಮೆ ಅವಸರದಲ್ಲಿ ವೈರನ್ನು ಸೂಜಿಯೊಳಗಿಂದಲೇ ಎಳೆದೆ. ಸಿಕ್ಕಿಕೊಂಡಿತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿ ಸೂಜಿ, ವೈರ್ ಎರಡನ್ನೂ ಒಟ್ಟಿಗೆ ತೆಗೆದೆ. ಸುತ್ತಿದ ತಂತಿ ತುದಿಯಲ್ಲಿ ಬಿಚ್ಚಿಕೊಂಡು ಕೂದಲಿನಂತೆ ಎದ್ದು ನಿಂತಿತ್ತು. ತಡೆ ಸಿಕ್ಕರೆ ಅಂದಿನಿಂದ ನಾನು ಎಳೆಯುವುದೇ ಇಲ್ಲ.

ಕೊನೆಗೆ ಹಿಡಿದ ದಾರಿ ಇದು. ವೈರ್ ಒಳಗಿರುವಾಗ, ಡೈಲೇಟರ್ ಮುಟ್ಟುವ ಮೊದಲು, ಸ್ಟೆರೈಲ್ ಕವರ್ ಹಾಕಿದ ಅಲ್ಟ್ರಾಸೌಂಡ್‌ನ ಲೀನಿಯರ್ ಪ್ರೋಬನ್ನು ಕುತ್ತಿಗೆಯ ಮೇಲೆ ಇಡುತ್ತೇನೆ. ದಾರಿ ತಪ್ಪಿದ್ದರೆ ಜುಗುಲರ್‌ನ ಕಪ್ಪು ವೃತ್ತದೊಳಗೆ ಬಿಳಿಯ ಚುಕ್ಕೆ ಹೊಳೆಯುತ್ತದೆ. ವೈರ್ ಸರಾಗವಾಗಿ ಬಂದರೆ ಮಾತ್ರ ಹಿಂದಕ್ಕೆ ತೆಗೆದು, ಜುಗುಲರ್‌ನ ದಾರಿ ಮುಚ್ಚುವಂತೆ ಕ್ಲಾವಿಕಲ್ (ಕೊರಳೆಲುಬು) ಮೇಲಿನ ಗುಳಿಯಲ್ಲಿ ಸಹಾಯಕರಿಂದ ಬೆರಳು ಒತ್ತಿಸಿ ಮತ್ತೆ ಬಿಡುತ್ತೇನೆ. ವೈರ್ ಇಳಿದು ಮುಗಿಯುವವರೆಗೆ ಆ ಬೆರಳು ಸಡಿಲವಾಗಕೂಡದು. ನನ್ನ ಎಷ್ಟೋ ಪ್ರಯತ್ನಗಳು ಕೆಟ್ಟದ್ದು ಅಲ್ಲೇ.

‘ಎಕ್ಸ್‌ರೇ ಹೇಗೂ ತೆಗೆಯುತ್ತೇವಲ್ಲ, ಇದೆಲ್ಲ ಯಾಕೆ?’ ಎಂದರು ಹಿರಿಯ ವೈದ್ಯರೊಬ್ಬರು. ಎಕ್ಸ್‌ರೇಯನ್ನು ನಾನೂ ಬಿಟ್ಟಿಲ್ಲ. ಆದರೆ ಅದು ಬರುವ ಹೊತ್ತಿಗೆ ಕ್ಯಾತಿಟರ್‌ಗೆ ಹೊಲಿಗೆ ಬಿದ್ದಿರುತ್ತದೆ. ನಡುವೆ, ಕ್ಯಾತಿಟರ್‌ಗೆ ಸಲೈನ್ ಬಿಟ್ಟು ಅದರ ಗುಳ್ಳೆಗಳು ಹೃದಯ ಸೇರುವುದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಪರೀಕ್ಷೆಯನ್ನೂ ಎಂಟು ಹತ್ತು ಸಲ ಮಾಡಿದೆ. ಬಲ ಹೃತ್ಕರ್ಣದಲ್ಲಿ ಗುಳ್ಳೆಗಳು ಎದ್ದದ್ದನ್ನು ನೋಡುವುದೇ ಒಂದು ಸಂತೋಷ. ಆದರೆ ತುದಿ ಜುಗುಲರ್‌ನಲ್ಲಿದ್ದರೂ ಅವು ತುಸು ತಡವಾಗಿ ಬಂದೇ ಬರುತ್ತವೆ. ಆ ‘ತುಸು’ವನ್ನು ಅಳೆಯುತ್ತಾ ಕೂರುವ ವ್ಯವಧಾನ ತುರ್ತು ರೋಗಿಯ ಮುಂದೆ ಇರುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಮೊದಲಿನ ನಲವತ್ತು ಲೈನ್‌ಗಳಲ್ಲಿ ಆರೇಳು ಮೇಲಕ್ಕೆ ಹೋಗಿದ್ದವು. ಈಚಿನ ಅರವತ್ತು ಚಿಲ್ಲರೆಯಲ್ಲಿ ಎಂಟು ವೈರ್‌ಗಳು ಏರಿದವು, ಎಂಟನ್ನೂ ಡೈಲೇಟರ್‌ಗೆ ಮೊದಲೇ ಹಿಡಿದೆ. ಇನ್ನೊಂದು ಮಾತ್ರ ಎಡಗಡೆಗೆ ದಾಟಿ ಕಣ್ಣು ತಪ್ಪಿಸಿತು. ಈಗ ಎರಡೂ ಬದಿ ನೋಡುತ್ತೇನೆ.

ಒಂದೇ ಕೈಯಲ್ಲಿ ವೈರ್ ಮತ್ತು ಪ್ರೋಬ್ ಹಿಡಿಯುವ ನನ್ನ ಪಟ್ಟನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಮಾತ್ರ ತೋರಿಸುತ್ತೇನೆ. ಪ್ರಶ್ನೆ ಕೇಳಿದ್ದ ಆ ಹಿರಿಯರೇ ಕಳೆದ ತಿಂಗಳು ಬಂದು ನಿಂತು, ಗ್ಲೌಸ್ ಹಾಕಿಕೊಂಡರು.