ಬೇಸಿಗೆ ರಜೆಯೂ ಹೊಂಗೆ ಸಸಿಗಳೂ

ಶಾಲೆಯ ಅಂಗಳದಲ್ಲಿ ನೆಟ್ಟ ಸಸಿಗಳು ಹೆಚ್ಚಾಗಿ ಒಣಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಪರೀಕ್ಷೆ ಮುಗಿದು ಗೇಟಿಗೆ ಬೀಗ ಬೀಳುತ್ತದೆ, ನೀರು ಹೊಯ್ಯುತ್ತಿದ್ದ ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಶಿಯವರು ವನಮಹೋತ್ಸವ ಆರಂಭಿಸಿದಾಗ ಅದಕ್ಕೆ ಜುಲೈ ತಿಂಗಳನ್ನು ಆರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಉತ್ಸವಕ್ಕೆ ಬಂದು ಫೋಟೊ ತೆಗೆಸಿಕೊಂಡ ಅತಿಥಿಗಳು ಮುಂದಿನ ವೈಶಾಖದಲ್ಲಿ ಆ ಕಡೆ ತಲೆ ಹಾಕುವುದಿಲ್ಲ. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ ನಾನು ಮಾಡಿದ್ದು ಇಷ್ಟೇ: ಸಸಿಗಳನ್ನು ಆ ಎರಡು ತಿಂಗಳು ದಾಟಿಸುವುದು.

ಯಾವ ಮರ ಎಂಬುದಕ್ಕೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಅರ್ಧ ಮಧ್ಯಾಹ್ನ ತಿಂದಿತು. ಒಬ್ಬರಿಗೆ ಕೆಂಪಗೆ ಹೂ ಬಿಡುವ ಗುಲ್‌ಮೊಹರ್ ಬೇಕು. ಇನ್ನೊಬ್ಬರಿಗೆ ಹುಣಸೆ ಮಾತ್ರ ಬೇಡ, ಅದರಲ್ಲಿ ದೆವ್ವ ಇರುತ್ತದಂತೆ. (ಅವರ ಮನೆಯ ಸಾರಿಗೆ ವರ್ಷವಿಡೀ ಬೀಳುವ ಹುಣಸೆಹಣ್ಣಿಗೆ ದೆವ್ವದ ಕಾಟವಿಲ್ಲ.) ನಾನು ಹೊಂಗೆಗೆ ಪಟ್ಟು ಹಿಡಿದೆ. ನಮ್ಮ ಕಾಂಪೌಂಡು ಒಂದು ಕಡೆ ಕುಸಿದಿದೆ, ಊರಿನ ಮೇಕೆಗಳಿಗೆಲ್ಲ ಅದೇ ಹೆಬ್ಬಾಗಿಲು. ಹೊಂಗೆ ಎಲೆಗೆ ಮೇಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ, ಬಯಲುಸೀಮೆಯ ಬಿಸಿಲನ್ನೂ ಅದು ತಡೆದುಕೊಳ್ಳುತ್ತದೆ. ಅಡುಗೆಕೋಣೆಯ ಪಕ್ಕಕ್ಕೆ ಮಾತ್ರ ಕರಿಬೇವು, ನುಗ್ಗೆ. ಸೊಪ್ಪು ಬಿಸಿಯೂಟದ ಸಾಂಬಾರಿಗೆ ಬರುತ್ತದೆಂದು ಅಡುಗೆಯಮ್ಮ ಅವುಗಳ ಉಸ್ತುವಾರಿ ತಾವೇ ವಹಿಸಿಕೊಂಡರು.

ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆಸಿ ಬಿಸಿಲಿಗೆ ಬಿಟ್ಟೆವು, ಎರಡು ಅಡಿ ಅಗಲ, ಎರಡು ಅಡಿ ಆಳ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಣ್ಣ ಚೀಲದ ಸಸಿ ಅಗ್ಗ. ಆದರೂ ನಾನು ತಂದದ್ದು ದೊಡ್ಡ ಚೀಲದವನ್ನು, ಮಕ್ಕಳ ಎದೆಮಟ್ಟಕ್ಕೆ ಬೆಳೆದವನ್ನು. ಹಾಗಿದ್ದರೆ ಚೆಂಡಿನ ಹಿಂದೆ ಓಡುವ ಹುಡುಗನಿಗೂ ಸಸಿ ಕಣ್ಣಿಗೆ ಬೀಳುತ್ತದೆ. ಚೀಲವನ್ನು ಬ್ಲೇಡಿನಿಂದ ಸೀಳಿದಾಗ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿದ ಕೂಡಲೇ ಐದನೇ ತರಗತಿಯ ಹುಡುಗಿಯೊಬ್ಬಳು, “ಸರ್, ನೋವಾಗಲ್ವಾ?” ಎಂದಳು. ಸುತ್ತಿಕೊಂಡ ಬೇರು ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ ಎಂದು ತೋರಿಸಿದೆ. ಅವಳ ಮುಖ ನೋಡಿದರೆ ಒಪ್ಪಿದಂತಿರಲಿಲ್ಲ.

ಸಸಿಗೆ ಮಗುವಿನ ಹೆಸರಿನ ಫಲಕ ಕಟ್ಟುವ ಪದ್ಧತಿ ನನಗೆ ಒಗ್ಗುವುದಿಲ್ಲ. ಸಸಿ ಸತ್ತರೆ ಒಣಕಡ್ಡಿಗೆ ಒಂದು ಮಗುವಿನ ಹೆಸರು ಜೋತುಬಿದ್ದಿರುತ್ತದೆ, ಉಳಿದವರ ಅಣಕ ಬೇರೆ. ಬದಲಿಗೆ ಒಂದೊಂದು ಸಾಲನ್ನು ಒಂದೊಂದು ತರಗತಿಗೆ ವಹಿಸಿದೆವು. ಊಟಕ್ಕೆ ಮುಂಚೆ ಕೈ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಪಾತಿಗಳಿಗೆ ಸೇರುವಂತೆ ಮಾಡಿದೆವು.

ಸಾಲುಮರದ ತಿಮ್ಮಕ್ಕನವರ ಬಗ್ಗೆ ಕೇಳಿದರೆ ಮಕ್ಕಳು ಆಲದ ಮರಗಳ ಲೆಕ್ಕ ಹೇಳುತ್ತಾರೆ. ನಾನು ಕೇಳುವುದು ನೀರಿನ ಕೊಡದ ಮಾತು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಉದ್ದಕ್ಕೂ ಗಂಡ ಹೆಂಡತಿ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳು ಕಟ್ಟಿದರು. ನಮ್ಮ ರಜೆಯ ಉಪಾಯಕ್ಕೂ ಕೊಡವೇ ಆಧಾರವಾಯಿತು. ಬೇಸಿಗೆಯಲ್ಲಿ ಊರಿನ ಹುಡುಗರು ಹೇಗೂ ಮುರಿದ ಕಾಂಪೌಂಡು ಹಾರಿ ಬಂದು ಕ್ರಿಕೆಟ್ ಆಡುತ್ತಾರೆ. ಬೈದು ಓಡಿಸುತ್ತಿದ್ದವರನ್ನು ತಡೆದು ಒಂದು ಷರತ್ತು ಹಾಕಿದೆ: ಆಡಬಹುದು, ಆದರೆ ಸಸಿಗೆ ಒಂದು ಕೊಡ ನೀರು ಹೊಯ್ದವನಿಗೇ ಬ್ಯಾಟಿಂಗ್. ಪಾತಿಗಳಿಗೆ ತರಗೆಲೆ ಹೊದಿಸಿದ್ದೆವು. ತೀರಾ ದೂರದ ಸಸಿಗಳ ಬುಡದಲ್ಲಿ ತಳಕ್ಕೆ ತೂತು ಮಾಡಿ ಬಟ್ಟೆಯ ಬತ್ತಿ ತುರುಕಿದ ಮಡಕೆ ಹೂತಿದ್ದೆವು, ಒಮ್ಮೆ ತುಂಬಿದರೆ ನಿಧಾನವಾಗಿ ಇಂಗುತ್ತದೆ. ಸಂಜೆ ಆಟಕ್ಕೆ ಮುಂಚೆ ಬೋರ್‌ವೆಲ್ ಹತ್ತಿರ ಕೊಡಗಳ ಸಾಲು, “ನಂದು ಮೊದಲು” ಎಂಬ ಜಗಳ. ಪರಿಸರದ ಪಾಠ ಹೇಳಿದ್ದರೆ ಒಬ್ಬನೂ ಬರುತ್ತಿರಲಿಲ್ಲ.

ಮರಗಳು ಎದ್ದ ಮೇಲೆ ದೊಡ್ಡವರ ಸರದಿ. ಹೊಂಗೆ ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ. ಆಗ ಪಕ್ಕದ ಮನೆಯವರು, “ಮೇಷ್ಟ್ರೇ, ನಿಮ್ಮ ಮರದ ಕಸ ಗುಡಿಸಿ ಗುಡಿಸಿ ಸಾಕಾಯಿತು, ಆ ಕೊಂಬೆ ಕಡಿಸಿ” ಎನ್ನುತ್ತಾರೆ. ಚಿಗುರು ದಟ್ಟವಾದ ಮೇಲೆ ಅವರದೇ ಬೈಕು ಅದೇ ಕೊಂಬೆಯ ಕೆಳಗೆ ನಿಲ್ಲುತ್ತದೆ, “ನಮ್ಮ ಶಾಲೆ ಮರ” ಎಂದು ನೆಂಟರಿಗೆ ತೋರಿಸುತ್ತಾರೆ. ಕಸ ಬಿದ್ದರೆ ನಿಮ್ಮದು, ನೆರಳು ಬಿದ್ದರೆ ನಮ್ಮದು! ವಾದಕ್ಕೆ ಇಳಿಯದೆ, ಮಕ್ಕಳಿಂದ ಅವರ ಬಾಗಿಲಿನ ತರಗನ್ನೂ ಗುಡಿಸಿ ತಂದು ನಮ್ಮ ಗೊಬ್ಬರದ ಗುಂಡಿಗೆ ಹಾಕಿಸುತ್ತೇನೆ. ಹೊಂಗೆ ಸೊಪ್ಪು ಗದ್ದೆಗೆ ಒಳ್ಳೆಯ ಹಸಿರೆಲೆ ಗೊಬ್ಬರವೆಂದು ಬಲ್ಲ ರೈತರೊಬ್ಬರು ಈಗ ಸವರಿದ ಕೊಂಬೆಗಳನ್ನು ಕೇಳಿಕೊಂಡು ಬರುತ್ತಾರೆ.

ಈ ಮಳೆಗಾಲಕ್ಕೆ ಪಡುವಣ ಗೋಡೆಯ ಬದಿಗೆ ನೇರಳೆ ಹಾಕಬೇಕೆಂದಿದ್ದೇವೆ. ಶಾಲೆ ತೆರೆಯುವ ಹೊತ್ತಿಗೇ ಹಣ್ಣಾಗುತ್ತದೆ, ಸಮವಸ್ತ್ರದ ಬಿಳಿ ಅಂಗಿಯ ಕಲೆ ತೊಳೆಯುವವರು ಯಾರು ಎಂದು ತಾಯಂದಿರು ಈಗಲೇ ತಕರಾರು ತೆಗೆದಿದ್ದಾರೆ. ಬೇಕಾದರೆ ಗೋಡೆಯ ಆಚೆಗೆ ನೆಡಿ ಎಂಬುದು ಅವರ ಸಲಹೆ, ಹುಡುಗರು ಗೋಡೆ ಹಾರುವುದಿಲ್ಲ ಎಂಬ ನಂಬಿಕೆಯಿಂದ.