ಹಳೆಯ ಎಂಎಕ್ಸ್-5 ರಸ್ತೆಗಿಳಿಯುವ ಮುನ್ನ: ತುಕ್ಕು, ಬ್ರೇಕ್, ರಬ್ಬರ್ ಮೊದಲು

ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ವಿಚಾರಿಸುವುದು ಪವರ್ ಹೆಚ್ಚಿಸುವ ಬಗ್ಗೆ, ಎಕ್ಸಾಸ್ಟ್ ಬದಲಿಸುವ ಬಗ್ಗೆ. ಮೂವತ್ತು ವರ್ಷದ ಆಸುಪಾಸಿನ ಕಾರಿನಲ್ಲಿ ಮೊದಲು ಕೈ ಹಾಕಬೇಕಾದ ಜಾಗ ಅದಲ್ಲ. ಹೊಸದಿದ್ದಾಗ ಅದು ಹೇಗೆ ನಿಲ್ಲುತ್ತಿತ್ತೋ, ಹೇಗೆ ತಿರುಗುತ್ತಿತ್ತೋ ಆ ಸ್ಥಿತಿಗೆ ತಂದರೆ ಸಾಕು, ಬಹಳಷ್ಟು ಮಂದಿಗೆ ಬೇರೆ ಕಾರಿನಲ್ಲಿ ಕೂತಂತೆ ಅನಿಸುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು 1989ರಲ್ಲಿ ಬಂದು 1997ರವರೆಗೆ ತಯಾರಾದ ಮೊದಲ ತಲೆಮಾರಿನ ಕಾರಿನ ಬಗ್ಗೆ. ಹೆಡ್‌ಲೈಟ್ ಮೇಲೆದ್ದು ನಿಲ್ಲುವ ಮಾದರಿ, ಬಳಕೆಯಲ್ಲಿ 'ಎನ್‌ಎ'. ತೂಕ ಒಂದು ಟನ್ನಿನ ಆಸುಪಾಸು, ಹಿಂದಿನ ಚಕ್ರಗಳಿಗೆ ಪವರ್, ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಮಜ್ದಾ ಇದನ್ನು ಭಾರತದಲ್ಲಿ ಮಾರಲಿಲ್ಲ. ಆ ಹೆಸರು ನಮ್ಮವರಿಗೆ ಗೊತ್ತಿರುವುದು ಸ್ವರಾಜ್ ಮಜ್ದಾ ಗಾಡಿಗಳಿಂದ. ನಾನಿರುವ ಇಂಗ್ಲೆಂಡಿನಲ್ಲಿ ಇವು ಸಾಕಷ್ಟಿವೆ; ಇದೇ ಕಾರಿನ ಜಪಾನಿ ರೂಪವಾದ, ಅಲ್ಲಿಂದ ತರಿಸಿದ ಯೂನೊಸ್ ರೋಡ್‌ಸ್ಟರ್‌ಗಳೂ ಸೇರಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಹಾಗಾಗಿ ಕೆಲಸ ಶುರುವಾಗುವುದು ತುಕ್ಕಿನಿಂದ.

ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಅದರಲ್ಲೂ ಹಿಂದಿನ ಚಕ್ರದ ಮುಂದಿನ ಒಂದು ಗೇಣು ಜಾಗ, ಇದರ ದುರ್ಬಲ ಸ್ಥಳ. ತೆರೆದ ಕಾರಿಗೆ ಮೇಲ್ಛಾವಣಿಯ ಉಕ್ಕಿಲ್ಲ. ಬಾಡಿಯ ಬಲವೆಲ್ಲ ಸಿಲ್ ಮತ್ತು ಎರಡು ಸೀಟಿನ ನಡುವೆ ಉದ್ದಕ್ಕೆ ಹೋಗುವ ಟನಲ್ ಮೇಲೆಯೇ ನಿಂತಿದೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ಡ್ರೇನ್ ತೂತಿನಿಂದ ಇಳಿದು ಹಿಂದಿನ ಚಕ್ರದ ಮುಂದೆ ಹೊರಬೀಳಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಸಿಲ್ ಒಳಗೇ ನಿಲ್ಲುತ್ತದೆ, ಲೋಹ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಹೋಗಿರುತ್ತದೆ. ನಾನು ಅರ್ಧ ಲೀಟರ್ ನೀರನ್ನು ನಿಧಾನವಾಗಿ ಡ್ರೇನ್‌ಗೆ ಸುರಿದು ಕೆಳಗೆ ನೋಡುತ್ತೇನೆ. ಸುರಿದಷ್ಟೇ ಬೇಗ ಕೆಳಗೆ ಬರಬೇಕು. ಬರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೇಲಿನಿಂದ ತೂರಿಸಿ ಬಿಡಿಸುತ್ತೇನೆ. ತಂತಿ ಹಾಕಬಾರದು, ಒಳಗಿನ ರಬ್ಬರ್ ಕೊಳವೆ ಹರಿದರೆ ನೀರು ಸೀದಾ ಸಿಲ್‌ಗೇ ಹೋಗುತ್ತದೆ.

ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಲೋಹದ ಸದ್ದು ಒಂದು ಕಡೆ ಮಂದವಾಗುತ್ತದೆ. ಅಲ್ಲಿ ಬೆರಳಿನಿಂದ ಒತ್ತಿ ನೋಡಿ. ಪುಟ್ಟಿ ಮೆತ್ತಿ ಬಣ್ಣ ಹೊಡೆದ ಸಿಲ್ ಹಪ್ಪಳದ ಹಾಗೆ ಮುರಿಯುತ್ತದೆ. ಇದಕ್ಕೆ ಒಂದೇ ರಿಪೇರಿ: ಕೊಳೆತದ್ದನ್ನು ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಿ, ಒಳಪದರವನ್ನೂ ಹೊರಪದರವನ್ನೂ ಹೊಸ ತಗಡಿನಿಂದ ವೆಲ್ಡ್ ಮಾಡಿಸಿ, ಆಮೇಲೆ ಒಳಗೆ ಡಿನಿಟ್ರಾಲ್ ಅಥವಾ ವ್ಯಾಕ್ಸಾಯಿಲ್ ತರಹದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸುವುದು. ವ್ಯಾಕ್ಸ್ ಹೊಡೆದ ಮೇಲೆ ಡ್ರೇನ್ ಬಾಯಿ ಮುಚ್ಚಿಲ್ಲ ಎಂದು ಇನ್ನೊಮ್ಮೆ ನೀರು ಸುರಿದು ನೋಡಲೇಬೇಕು. ಎರಡನೇ ತಲೆಮಾರಿನ ಕಾರಾದರೆ (1998ರಿಂದ 2005) ಸಿಲ್ ಜತೆಗೆ ಮುಂದಿನ ಚಾಸಿಸ್ ರೈಲ್‌ಗಳನ್ನೂ ಬಂಪರ್ ಕಡೆಯಿಂದ ನೋಡಿ. ಎರಡು ಪದರದ ನಡುವೆ ತುಕ್ಕು ಅಡಗಿರುತ್ತದೆ.

ಜಾಕ್ ಹಾಕುವಾಗಲೂ ಇದೇ ಎಚ್ಚರ ಬೇಕು. ಮುಂದೆ ಕ್ರಾಸ್‌ಮೆಂಬರ್ ನಡುವೆ, ಹಿಂದೆ ಡಿಫರೆನ್ಷಿಯಲ್ ಕೆಳಗೆ ಜಾಕ್ ಕೊಡಬೇಕು. ಸಿಲ್ ಗಟ್ಟಿಯಿದ್ದರೆ ಸ್ಟ್ಯಾಂಡ್‌ಗಳನ್ನು ಅದರ ಜಾಕಿಂಗ್ ಪಾಯಿಂಟ್ ಕೆಳಗೆ, ಇಲ್ಲದಿದ್ದರೆ ಸಬ್‌ಫ್ರೇಮ್ ಕೆಳಗೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಇನ್ನು ಬ್ರೇಕ್. ಇದರ ಹಿಂದಿನ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೆಡಲ್ ಮೆತ್ತಗಿದೆ, ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಹ್ಯಾಂಡ್‌ಬ್ರೇಕ್ ಯಂತ್ರ ಕ್ಯಾಲಿಪರ್ ಒಳಗೇ ಇದೆ. ಹೀಗಾಗಿ ಪ್ಯಾಡ್ ಬದಲಿಸುವಾಗ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಬಾರದು. ಕ್ಯಾಲಿಪರ್ ಹಿಂಬದಿಯಲ್ಲಿ 14 ಮಿ.ಮೀ. ಸ್ಪ್ಯಾನರ್ ಕೂರುವ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಹಿಡಿಯುವ ಸ್ಕ್ರೂ ಸಿಗುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಒಳಗೆ ಹೋಗುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಅದೇ ಸ್ಕ್ರೂವನ್ನು ಬಲಕ್ಕೆ ತಿರುಗಿಸುತ್ತ ಹೋಗಿ, ಡಿಸ್ಕ್ ಕೈಯಲ್ಲಿ ತಿರುಗದಷ್ಟು ಬಿಗಿಯಾದಾಗ ನಿಲ್ಲಿಸಿ. ಅಲ್ಲಿಂದ ಒಂದು ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ. ಡಿಸ್ಕ್ ಸಲೀಸಾಗಿ ತಿರುಗಬೇಕು, ಸ್ವಲ್ಪ ಸವರಿದ ಸದ್ದು ಬಂದರೆ ಅಡ್ಡಿಯಿಲ್ಲ. ಮುಚ್ಚಳದ ಬೋಲ್ಟ್ ಹಾಕಿ, ಪೆಡಲ್ ಹಲವು ಸಲ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ನೋಡಿ. 5ರಿಂದ 7 ಕ್ಲಿಕ್ ಒಳಗೆ ಹಿಡಿಯಬೇಕು. ಈ ಹೊಂದಾಣಿಕೆ ಬಿಟ್ಟು ಎಷ್ಟು ಸಲ ಬ್ಲೀಡಿಂಗ್ ಮಾಡಿದರೂ (ಪೈಪಿನಿಂದ ಗಾಳಿ ತೆಗೆದರೂ) ಪೆಡಲ್ ಕೆಳಗೇ ಹೋಗುತ್ತದೆ. ಕೇಬಲ್ ಬಿಗಿ ಮಾಡಿ ಸರಿಪಡಿಸಲು ಹೋಗುವುದೂ ತಪ್ಪು; ಮೊದಲು ಕ್ಯಾಲಿಪರ್, ಕೊನೆಗೆ ಕೇಬಲ್.

ಕ್ಯಾಲಿಪರ್ ಬಿಚ್ಚಿದ ಮೇಲೆ ಎರಡೂ ಪ್ಯಾಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಸವೆದು ಇನ್ನೊಂದು ಹಾಗೇ ಇದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಎಂದೇ ಅರ್ಥ. ಪಿನ್ ಹೊರತೆಗೆದು ತುಕ್ಕು ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಪ್ಯಾಡ್ 3 ಮಿ.ಮೀ.ಗೆ ಬಂದರೆ ನಾನು ಬದಲಿಸುತ್ತೇನೆ, ಕೊನೆಯ ಮಿತಿಯವರೆಗೆ ಕಾಯುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಸೇರಿದ ನಂತರ ಆ ಕನಿಷ್ಠ ಮಿತಿ 155 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗುವುದು ಆ ಆಯಿಲ್ ಕುದ್ದು ಆವಿಯಾದಾಗ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಒಂದು ಲೀಟರ್ ಸಾಕು. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಲ್ಲಿ ಶುರು ಮಾಡಿ ಹತ್ತಿರದ್ದಕ್ಕೆ ಬರುತ್ತೇನೆ, ನಡುವೆ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರುತ್ತೇನೆ. ಡಾಟ್ 5 ಎಂಬ ಸಿಲಿಕಾನ್ ಆಯಿಲನ್ನು ಇದಕ್ಕೆ ಬೆರೆಸಲೇಬಾರದು. ಹಿಂದಕ್ಕೆ ಹೋಗುವ ಉಕ್ಕಿನ ಬ್ರೇಕ್ ಪೈಪ್‌ಗಳನ್ನು ಆಗಲೇ ಒರೆಸಿ ನೋಡಿಬಿಡಿ. ತುಕ್ಕು ತಿಂದು ಹೊಂಡ ಬಿದ್ದಿದ್ದರೆ ತಾಮ್ರ-ನಿಕಲ್ ಮಿಶ್ರಲೋಹದ (ಕುಪ್ರೊ-ನಿಕಲ್) ಪೈಪ್ ಹಾಕಿಸಿ.

ದೊಡ್ಡ ಬ್ರೇಕ್ ಬೇಕು ಎನ್ನುವವರಿಗೆ ಮಜ್ದಾ ಭಾಗಗಳಲ್ಲೇ ದಾರಿಯಿದೆ. 1.6 ಎಂಜಿನ್ನಿನ ಕಾರಿನಲ್ಲಿ ಡಿಸ್ಕ್ ಮುಂದೆ 235 ಮಿ.ಮೀ., ಹಿಂದೆ 231. 1.8ರಲ್ಲಿ 255 ಮತ್ತು 251. 1.8ರ ಬ್ರ್ಯಾಕೆಟ್, ಡಿಸ್ಕ್, ಪ್ಯಾಡ್ ಹಾಕಿದರೆ ಹಳೆಯ ಕ್ಯಾಲಿಪರ್‌ಗಳೇ ಕೂರುತ್ತವೆ, 14 ಇಂಚಿನ ಚಕ್ರವೂ ಸಾಲುತ್ತದೆ. ಆದರೆ ನಾಲ್ಕೂ ಕಡೆ ಒಟ್ಟಿಗೆ ಮಾಡಬೇಕು. ಮುಂದೆ ಮಾತ್ರ ದೊಡ್ಡದು ಹಾಕಿದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಹಿಂದಿನ ಬ್ರೇಕ್ ಇದ್ದೂ ಇಲ್ಲದಂತೆ. ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಬಿಎಸ್ ಇಲ್ಲ. ರೇಸ್ ಟ್ರ್ಯಾಕಿನ ಪ್ಯಾಡ್ ರಸ್ತೆಗೆ ಬೇಡ. ಅದು ಬಿಸಿಯಾದ ಮೇಲೆ ಹಿಡಿಯುವ ಸರಕು. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಬೇಕಾಗುವುದು ತಣ್ಣಗಿದ್ದರೂ ಹಿಡಿಯುವ ಪ್ಯಾಡ್. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 20ಕ್ಕೆ ಹದವಾಗಿ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ.

ಟೈರ್ ವಿಷಯದಲ್ಲಿ ಎಲ್ಲರೂ ಟ್ರೆಡ್ (ಮೇಲ್ಮೈ ಗೀರುಗಳ ಆಳ) ಮಾತ್ರ ನೋಡುತ್ತಾರೆ. ವಾರಾಂತ್ಯಕ್ಕೆ ಮಾತ್ರ ಹೊರಬರುವ ಕಾರಿನಲ್ಲಿ ಟ್ರೆಡ್ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ ಟೈರನ್ನು, ನೋಡಲು ಎಷ್ಟೇ ಚೆನ್ನಾಗಿದ್ದರೂ, ನಾನು ಈ ಕಾರಿನಲ್ಲಿ ಇಡುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲದ, ಹಿಂದಿನ ಚಕ್ರದ ಬಲದ ಹಗುರ ಕಾರು ಒದ್ದೆ ರೌಂಡ್‌ಅಬೌಟಿನಲ್ಲಿ ಸುತ್ತಿಬಿಡುವುದಕ್ಕೆ ಇಂಥ ಟೈರೇ ಮುಖ್ಯ ಕಾರಣ. ಇಂಗ್ಲೆಂಡಿನಲ್ಲಿ ಕಾನೂನಿನ ಮಿತಿ 1.6 ಮಿ.ಮೀ.; ಮಳೆಗೆ 3 ಮಿ.ಮೀ. ಇರಲಿ. ಮೂಲ ಅಳತೆ 185/60 ಆರ್14, ಗಾಳಿ 26 ಪಿಎಸ್ಐ. ಟೈರ್ ಅಂಗಡಿಯವರು ರೂಢಿಯಂತೆ 32 ತುಂಬಿ ಕಳಿಸುತ್ತಾರೆ, ಮನೆಗೆ ಬಂದು ಟೈರ್ ತಣ್ಣಗಾದ ಮೇಲೆ ಇಳಿಸಬೇಕು. 15 ಇಂಚಿನ ಚಕ್ರಕ್ಕೆ 195/50 ಚೆನ್ನಾಗಿ ಹೊಂದುತ್ತದೆ. ಬೇರೆ ಅಲಾಯ್ ಕೊಂಡರೆ 4×100 ಬೋಲ್ಟ್ ಅಳತೆ (100 ಮಿ.ಮೀ. ವೃತ್ತದಲ್ಲಿ ನಾಲ್ಕು) ಸರಿಯಿದ್ದರೆ ಸಾಲದು, ನಡುವಿನ ರಂಧ್ರಕ್ಕೆ ಚಕ್ರವನ್ನು ಹಬ್ ಮೇಲೆ ನಟ್ಟನಡುವೆ ಕೂರಿಸುವ 54.1 ಮಿ.ಮೀ. ಸ್ಪಿಗಾಟ್ ರಿಂಗ್ ಬೇಕು. ಇಲ್ಲದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ ನಿಲ್ಲುವುದಿಲ್ಲ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ 110 ನ್ಯೂಟನ್ ಮೀಟರ್‌ಗೆ ಬಿಗಿಯುತ್ತೇನೆ, 80 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಸಸ್ಪೆನ್ಷನ್ನಿನಲ್ಲಿ ಹಣ ಹಾಕುವುದಾದರೆ ಮೊದಲು ಬುಷ್‌ಗಳಿಗೆ, ಅಂದರೆ ಆರ್ಮ್‌ಗಳ ಕೀಲುಗಳಲ್ಲಿರುವ ರಬ್ಬರ್ ತುಂಡುಗಳಿಗೆ. ಹಳೆಯ ರಬ್ಬರ್ ಬಿರುಕು ಬಿಟ್ಟರೆ ಅಲೈನ್‌ಮೆಂಟ್ ಯಂತ್ರದಲ್ಲಿ ಅಂಕಿ ಸರಿ ಕಾಣುತ್ತದೆ, ಬ್ರೇಕ್ ಒತ್ತಿದ ಕೂಡಲೇ ಚಕ್ರ ಬೇರೆ ಕಡೆ ತಿರುಗುತ್ತದೆ. ಕೆಳಗಿನ ಆರ್ಮ್‌ಗಳ ಉದ್ದ ಬೋಲ್ಟ್‌ಗಳು ಬುಷ್ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತವೆ. ಎಣ್ಣೆ ಬಿಟ್ಟು, ಬಿಸಿ ಮಾಡಿ, ಕಡೆಗೆ ಗರಗಸದಲ್ಲಿ ಕತ್ತರಿಸುವುದೇ ಗತಿ ಎಂದು ಮೊದಲೇ ತಿಳಿದು ಚಕ್ರದ ವಾಲಿಕೆ ಹೊಂದಿಸುವ ಹೊಸ ಕ್ಯಾಂಬರ್ ಬೋಲ್ಟ್‌ಗಳನ್ನು ತರಿಸಿಟ್ಟುಕೊಳ್ಳಿ. ಹೊಸದಕ್ಕೆ ಕಾಪರ್ ಗ್ರೀಸ್ ಹಚ್ಚಿ. ರಬ್ಬರ್ ಬುಷ್‌ನ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲಿದ್ದಾಗಲೇ ಕೊನೆಯ ಬಿಗಿ ಕೊಡಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ.

ಕಾರನ್ನು ತಗ್ಗಿಸುವ ಆಸೆ ಇದ್ದೇ ಇರುತ್ತದೆ. ಈ ಕಾರಿನ ಸಸ್ಪೆನ್ಷನ್ ಚಲನೆ ಮೊದಲೇ ಕಡಿಮೆ. ಹೆಚ್ಚು ತಗ್ಗಿಸಿದರೆ ತಿರುವಿನಲ್ಲಿ ಚಲನೆಯ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್‌ಗೆ ತಾಗುತ್ತದೆ, ತಾಗಿದ ಕ್ಷಣ ಆ ಚಕ್ರದ ಹಿಡಿತ ಒಮ್ಮೆಲೇ ಹೋಗುತ್ತದೆ. ಹಬ್ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಸುಮಾರು 330 ಮಿ.ಮೀ. ಇರಲಿ, ಅದಕ್ಕಿಂತ ಕೆಳಗೆ ಹೋಗಬೇಡಿ. ಒಳ್ಳೆಯ ಶಾಕ್ ಅಬ್ಸಾರ್ಬರ್ (ಬಿಲ್‌ಸ್ಟೈನ್, ಕೋನಿ), ಹೊಸ ಬಂಪ್ ಸ್ಟಾಪ್, ಎರಡನೇ ತಲೆಮಾರಿನ ಕಾರಿನ ಮೇಲಿನ ಮೌಂಟ್‌ಗಳು ಸೇರಿದರೆ ರಸ್ತೆಗೆ ಬೇಕಾದ್ದೆಲ್ಲ ಆಯಿತು. ಆ ಮೌಂಟ್‌ನಿಂದ ಸ್ವಲ್ಪ ಹೆಚ್ಚು ಚಲನೆ ಸಿಗುತ್ತದೆ. ಅಲೈನ್‌ಮೆಂಟಿಗೆ ನಾನು ಇಡಿಸುವುದು: ಕ್ಯಾಂಬರ್ ಮುಂದೆ ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷದ ಹಿಂದಕ್ಕಿನ ಓರೆ) 5ರ ಹತ್ತಿರ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮುಂದೆ ಸೊನ್ನೆ, ಹಿಂದೆ ಒಟ್ಟು 2ರಿಂದ 3 ಮಿ.ಮೀ. ಒಳಕ್ಕೆ. ಹಿಂದಿನ ಟೋ ಹೊರಕ್ಕಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಜಾರುತ್ತದೆ, ಇದರಲ್ಲಿ ರಾಜಿ ಬೇಡ.

ಎಂಜಿನ್ ಗಟ್ಟಿಮುಟ್ಟಾದದ್ದು. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಮಾತ್ರ ಗಮನಿಸಿ: ಕಪ್ಪು ಇರಬೇಕಾದ್ದು ಕಂದುಹಸಿರಿಗೆ ತಿರುಗಿದ್ದರೆ ಬಿರುಕು ಬಿಡುವ ಕಾಲ ಬಂದಿದೆ, ಕಾಯದೆ ಬದಲಿಸಿ. ಟೈಮಿಂಗ್ ಬೆಲ್ಟ್ ಒಂದು ಲಕ್ಷ ಕಿ.ಮೀ.ಗೆ, ವಾಟರ್ ಪಂಪ್ ಜತೆಗೇ. ಹೆಡ್ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್‌ನ ಓ-ರಿಂಗ್ ಸೋರಿದರೆ ಎಣ್ಣೆ ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ, ಕೆಳಗಿನ ಕೂಲೆಂಟ್ ಹೋಸ್ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಕ್ರ್ಯಾಂಕ್ ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸುವ ಮುನ್ನ ಈ ಸಣ್ಣ ರಿಂಗ್ ನೋಡಿ. 1990-91ರ 1.6 ಕಾರಾದರೆ ಕ್ರ್ಯಾಂಕ್ ಪುಲ್ಲಿಯಲ್ಲಿ 4 ಸೀಳಿವೆಯೇ, 8 ಇವೆಯೇ ಎಣಿಸಿ. 4 ಇದ್ದರೆ ಅದು ಗಿಡ್ಡ ಮೂತಿಯ (ಮುಂತುದಿ ಗಿಡ್ಡದಾದ) ಕ್ರ್ಯಾಂಕ್: ಬೋಲ್ಟಿಗೆ 108ರಿಂದ 118 ನ್ಯೂಟನ್ ಮೀಟರ್ ಮಾತ್ರ. ಉದ್ದ ಮೂತಿಯದಕ್ಕೆ 157ರಿಂದ 167. ಐಡಲ್‌ನಲ್ಲಿ ಪುಲ್ಲಿ ಓಲಾಡುತ್ತಿದ್ದರೆ ಕಾರು ಓಡಿಸಬೇಡಿ.

ಕ್ಲಚ್ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟ್ ಸರಿಸಿ ಒಳಗೆ ಒದ್ದೆಯಿದ್ದರೆ ಅದನ್ನೂ ಪೆಡಲ್ ಬದಿಯ ಮಾಸ್ಟರ್ ಸಿಲಿಂಡರನ್ನೂ ಒಟ್ಟಿಗೆ ಬದಲಿಸಿ. ಒಂದಕ್ಕೆ ಹೊಸ ಸೀಲ್ ಬಂದರೆ ಇನ್ನೊಂದು ಹೆಚ್ಚು ದಿನ ತಡೆಯುವುದಿಲ್ಲ.

ಹೆಡ್‌ಲೈಟ್ ಮಂಕಾಗಿದ್ದರೆ ಎಲ್‌ಇಡಿ ಬಲ್ಬ್ ತುರುಕಬೇಡಿ. ಹ್ಯಾಲೊಜೆನ್‌ಗೆಂದು ಮಾಡಿದ ಪ್ರತಿಫಲಕದಲ್ಲಿ ಅದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಇಂಗ್ಲೆಂಡಿನ ವಾರ್ಷಿಕ ವಾಹನ ತಪಾಸಣೆಯಾದ ಎಂಒಟಿಯಲ್ಲೂ ಫೇಲ್. ಹಳೆಯ ವೈರು, ಸ್ವಿಚ್ಚುಗಳಲ್ಲಿ ವೋಲ್ಟೇಜ್ ಬೀಳುತ್ತದೆ. ಬ್ಯಾಟರಿಯಿಂದ ನೇರ ಫ್ಯೂಸ್, ರಿಲೇ ಹಾಕಿ ಬಲ್ಬಿಗೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದೇ ಬಲ್ಬ್ ಬೆಳಗುತ್ತದೆ.

ಕಾರು ಮಗುಚಿದಾಗ ತಲೆ ಕಾಯುವ ರೋಲ್ ಬಾರ್ ಹಾಕಿಸುವುದಾದರೆ ಸೀಟಿನಲ್ಲಿ ನೀವೇ ಕೂತು ಅಳೆಯಿರಿ. ಬಾರ್ ತುದಿಯಿಂದ ವಿಂಡ್‌ಸ್ಕ್ರೀನ್ ಮೇಲಂಚಿಗೆ ಒಂದು ಉದ್ದ ಕೋಲಿಟ್ಟರೆ ತಲೆ ಅದರ ಕೆಳಗೆ ಸುಮಾರು 5 ಸೆಂ.ಮೀ. ಇರಬೇಕು. ಹೆಲ್ಮೆಟ್ ಇಲ್ಲದೆ ಓಡಿಸುವ ಕಾರಾದ್ದರಿಂದ ತಲೆ ತಾಗಬಹುದಾದ ಕಡೆಯೆಲ್ಲ ಗಟ್ಟಿ ಪ್ಯಾಡಿಂಗ್ ಕಡ್ಡಾಯ, ಮೆತ್ತನೆಯ ಸ್ಪಾಂಜ್ ಸಾಲದು. ಮೂಲ ಮೂರು ಬಿಂದುವಿನ ಸೀಟ್ ಬೆಲ್ಟನ್ನೇ ಇಟ್ಟುಕೊಳ್ಳಿ. ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ತೆಗೆದು ಅಂದಕ್ಕಾಗಿ ಬೇರೆ ಹಾಕುವುದು ಅಪ್‌ಗ್ರೇಡ್ ಅಲ್ಲವೇ ಅಲ್ಲ. ಬಾರ್, ಚಕ್ರ, ಬ್ರೇಕ್, ಸ್ಪ್ರಿಂಗ್ ಯಾವುದು ಬದಲಾದರೂ ಬಿಲ್ ಇಟ್ಟುಕೊಂಡು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಒಪ್ಪಿಗೆ ಪಾಲಿಸಿಯಲ್ಲಿ ಸೇರಿದ ಮೇಲೆ ಕಾರು ಹೊರತೆಗೆಯಿರಿ.